ಪಿಯಾನೋ ಅಂಗಡಿಯಲ್ಲಿ ಪಳಗಿದ ಕೈ: ಜಾನ್ ಫೀಲ್ಡ್ ಮತ್ತು ನಾಕ್ಟರ್ನ್

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ಐರ್ಲೆಂಡಿನ ಪಿಯಾನೋ ವಾದಕ ಜಾನ್ ಫೀಲ್ಡ್. ಹುಟ್ಟಿದ್ದು 1782ರಲ್ಲಿ ಡಬ್ಲಿನ್ನಿನಲ್ಲಿ, ತೀರಿಕೊಂಡದ್ದು 1837ರಲ್ಲಿ ಮಾಸ್ಕೋದಲ್ಲಿ. ಸಂಗೀತ ಚರಿತ್ರೆಯ ಪುಸ್ತಕಗಳಲ್ಲಿ ಈತನಿಗೆ ಸಿಗುವುದು ಸಾಮಾನ್ಯವಾಗಿ ಒಂದೂವರೆ ಸಾಲು: ನಾಕ್ಟರ್ನ್, ಅಂದರೆ ರಾತ್ರಿಯ ಗುಂಗಿನ ಚಿಕ್ಕ ಪಿಯಾನೋ ಕೃತಿ ಎಂಬ ಪ್ರಕಾರವನ್ನು ಮೊದಲು ಬರೆದವನು ಫೀಲ್ಡ್, ಅದನ್ನು ಎತ್ತರಕ್ಕೆ ಒಯ್ದವನು ಪೋಲೆಂಡಿನ ಶೋಪಾನ್. ಸಾಲು ಸುಳ್ಳಲ್ಲ. ಆದರೆ ಹಾಗೆ ಹೇಳಿ ಮುಗಿಸಿದರೆ, ಬೆಳದಿಂಗಳಲ್ಲಿ ಕೂತು ಕನಸು ಕಾಣುತ್ತಿದ್ದ ಯಾರೋ ಒಬ್ಬನಿಗೆ ಒಂದು ರಾತ್ರಿ ಇದು ಹೊಳೆಯಿತು ಎಂಬ ಚಿತ್ರ ಮನಸ್ಸಿನಲ್ಲಿ ಉಳಿಯುತ್ತದೆ. ನಡೆದದ್ದು ಬೇರೆ. ಫೀಲ್ಡ್ ಬೆಳೆದದ್ದು ಪಿಯಾನೋ ಮಾರುವ ಅಂಗಡಿಯಲ್ಲಿ. ಗಿರಾಕಿಗಳ ಮುಂದೆ ವಾದ್ಯವನ್ನು ನುಡಿಸಿ ತೋರಿಸುವುದು ಹದಿಹರೆಯದಲ್ಲಿ ಅವನ ಕೆಲಸ. ಒಂದು ಪಿಯಾನೋದಲ್ಲಿ ನಾದ ಎಷ್ಟು ಹೊತ್ತು ನಿಲ್ಲುತ್ತದೆ, ಕಾಲಿನ ಪೆಡಲ್ ಬಿಟ್ಟ ಮೇಲೂ ಎಷ್ಟು ಉಳಿಯುತ್ತದೆ, ಯಾವ ಸ್ಥಾಯಿಯಲ್ಲಿ ಬೇಗ ಸಾಯುತ್ತದೆ ಎಂಬುದನ್ನು ದಿನವಿಡೀ ಕೇಳಿ ತಿಳಿದವನು ಅವನು. ನಾಕ್ಟರ್ನ್ ಹುಟ್ಟಿದ್ದು ಈ ತಿಳಿವಳಿಕೆಯಿಂದ ಎಂಬುದು ನನ್ನ ವಾದ. ಆದ್ದರಿಂದ ಇವತ್ತು ಜೀವನಚರಿತ್ರೆಯ ಜೊತೆಗೆ ಎಡಗೈ ಮತ್ತು ಬಲಗಾಲಿನ ಬಗ್ಗೆಯೂ ಸ್ವಲ್ಪ ಹೆಚ್ಚೇ ಮಾತಾಡುತ್ತೇನೆ.

ಮನೆತನ ಸಂಗೀತದ್ದೇ. ತಂದೆ ರಾಬರ್ಟ್ ಡಬ್ಲಿನ್ನಿನ ನಾಟಕಶಾಲೆಗಳಲ್ಲಿ ಪಿಟೀಲು ನುಡಿಸುತ್ತಿದ್ದ, ತಾತ ಚರ್ಚಿನಲ್ಲಿ ಆರ್ಗನ್ ವಾದಕ. ಮೊದಲ ಪಾಠ ಇವರಿಬ್ಬರಿಂದಲೇ. ಆಮೇಲೆ, ಆಗ ಡಬ್ಲಿನ್ನಿನಲ್ಲಿ ನೆಲೆಸಿದ್ದ ಇಟಲಿಯ ತೊಮ್ಮಾಸೊ ಜೋರ್ದಾನಿ ಎಂಬ ಸಂಗೀತಗಾರನ ಬಳಿ ಕಲಿತ. 1792ರ ಮಾರ್ಚ್ 24ರಂದು ಡಬ್ಲಿನ್ನಿನ ರೊಟಂಡಾ ಸಭಾಂಗಣದಲ್ಲಿ ಮೊದಲ ಕಛೇರಿ. ಹುಡುಗನಿಗೆ ಆಗ ಒಂಬತ್ತು ವರ್ಷ, ಜಾಹೀರಾತಿನಲ್ಲಿ ಮಾತ್ರ ಎಂಟು. ಬಾಲ ಪ್ರತಿಭೆಯ ವಯಸ್ಸಿನಲ್ಲಿ ಒಂದು ವರ್ಷ ಇಳಿಸಿ ಹೇಳುವ ಪದ್ಧತಿ ಯುರೋಪಿನಲ್ಲೆಲ್ಲ ಇತ್ತು.

ಮುಂದಿನ ವರ್ಷ ಕುಟುಂಬ ಡಬ್ಲಿನ್ ಬಿಟ್ಟಿತು. ಸ್ವಲ್ಪ ದಿನ ಬಾತ್ ನಗರದಲ್ಲಿದ್ದು, 1793ರ ಕೊನೆಗೆ ಲಂಡನ್ ಸೇರಿತು. ಅಲ್ಲಿ ಮುತ್ಸಿಯೊ ಕ್ಲೆಮೆಂಟಿಯ ಬಳಿ ಹುಡುಗನನ್ನು ಏಳು ವರ್ಷದ ಕರಾರಿನ ಮೇಲೆ ಬಿಟ್ಟರು. ತಂದೆ ಕೊಟ್ಟ ಹಣ ನೂರು ಗಿನಿ. ನಾಟಕಶಾಲೆಯ ಪಿಟೀಲು ವಾದಕನಿಗೆ ಅದು ಸಣ್ಣ ಮೊತ್ತವಲ್ಲ. ಇದನ್ನು ಗುರುಕುಲ ಎಂದುಕೊಳ್ಳಬೇಡಿ. ಇದು ಬಡಗಿಯ ಬಳಿಯೋ ಮುದ್ರಣಾಲಯದಲ್ಲೋ ಹುಡುಗರನ್ನು ಕೆಲಸಕ್ಕೆ ಬಿಡುವಂಥ ಒಪ್ಪಂದ: ಗುರು ವಿದ್ಯೆ ಕೊಡುತ್ತಾನೆ, ಶಿಷ್ಯನ ದುಡಿಮೆ ಗುರುವಿಗೆ ಸೇರುತ್ತದೆ.

ಕ್ಲೆಮೆಂಟಿಯಲ್ಲಿ ಇಬ್ಬರು ಮನುಷ್ಯರಿದ್ದರು. ಒಬ್ಬ ಪಿಯಾನೋ ವಾದನದ ದೊಡ್ಡ ಶಿಕ್ಷಕ, ಬೆರಳುಗಳ ಸಮತೆಗೆ ಇಡೀ ಪದ್ಧತಿಯನ್ನೇ ಕಟ್ಟಿದವನು. ಇನ್ನೊಬ್ಬ ಪಕ್ಕಾ ವ್ಯಾಪಾರಿ. ದಿವಾಳಿಯೆದ್ದಿದ್ದ ಲಾಂಗ್‌ಮನ್ ಮತ್ತು ಬ್ರಾಡರಿಪ್ ಎಂಬ ವಾದ್ಯ ಕಂಪನಿಯನ್ನು 1798ರಲ್ಲಿ ಪಾಲುದಾರರ ಜೊತೆ ವಹಿಸಿಕೊಂಡು, ಲಂಡನ್ನಿನ ಚೀಪ್‌ಸೈಡ್ ಬೀದಿಯಲ್ಲಿ ತನ್ನ ಹೆಸರಿನಲ್ಲೇ ನಡೆಸಿದ. ಫೀಲ್ಡ್ ಈ ಇಬ್ಬರಿಂದಲೂ ಕಲಿತ. ಬಾಖ್‌ನ ಫ್ಯೂಗುಗಳನ್ನು, ಅಂದರೆ ಒಂದೇ ರಾಗವನ್ನು ಹಲವು ಎಳೆಗಳು ಒಂದರ ಹಿಂದೊಂದು ಹಿಡಿಯುವ ಕೃತಿಗಳನ್ನು, ನುಡಿಸುವ ಶಿಸ್ತು ಶಿಕ್ಷಕನಿಂದ ಬಂತು, ವಾದ್ಯವನ್ನು ಗಿರಾಕಿಯ ಕಿವಿಗೆ ಹಿಡಿಸುವ ಹದ ವ್ಯಾಪಾರಿಯಿಂದ. ಹುಡುಗನ ವಾದನ ಎಂಥದಿತ್ತು ಎನ್ನುವುದಕ್ಕೆ ಆಸ್ಟ್ರಿಯಾದ ಸಂಗೀತ ರಚನಕಾರ ಹೈಡನ್ ಸಾಕ್ಷಿ. 1794ರಲ್ಲಿ ಲಂಡನ್ನಿನಲ್ಲಿದ್ದ ಹೈಡನ್, ಫೀಲ್ಡ್ ಎಂಬ ಹುಡುಗ ಪಿಯಾನೋವನ್ನು ಬಹಳ ಚೆನ್ನಾಗಿ ನುಡಿಸುತ್ತಾನೆ ಎಂದು ತನ್ನ ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದಾನೆ. 1799ರ ಫೆಬ್ರವರಿ 7ರಂದು ಕಿಂಗ್ಸ್ ಥಿಯೇಟರಿನಲ್ಲಿ ಫೀಲ್ಡ್ ತನ್ನ ಮೊದಲ ಪಿಯಾನೋ ಕನ್ಸರ್ಟೊ, ಅಂದರೆ ವಾದ್ಯವೃಂದದ ಜೊತೆ ನುಡಿಸುವ ದೊಡ್ಡ ಕೃತಿ, ನುಡಿಸಿದ. ವಯಸ್ಸು ಹದಿನಾರು. ಅದರ ನಿಧಾನಗತಿಯ ಭಾಗಕ್ಕೆ ಆಧಾರ ಆಗ ಎಲ್ಲರ ಬಾಯಲ್ಲಿದ್ದ ಒಂದು ಸ್ಕಾಟಿಷ್ ಶೈಲಿಯ ಹಾಡು. 1801ರಲ್ಲಿ ಮೂರು ಸೊನಾಟಾಗಳು ಕ್ಲೆಮೆಂಟಿಗೆ ಅರ್ಪಣೆಯಾಗಿ ಅಚ್ಚಾದವು.

ಈಗ ಸ್ವಲ್ಪ ಹೊತ್ತು ವಾದ್ಯದ ಒಳಗೆ ಇಣುಕೋಣ.

ಆ ಕಾಲದಲ್ಲಿ ಪಿಯಾನೋದಲ್ಲಿ ಎರಡು ಜಾತಿ. ವಿಯೆನ್ನಾದ್ದು ಹಗುರ: ಕೀಲಿ ಆಳಕ್ಕೆ ಇಳಿಯುವುದಿಲ್ಲ, ಸುತ್ತಿಗೆ ಚುರುಕು, ಬೆರಳು ಎತ್ತಿದ ತಕ್ಷಣ ನಾದ ಕತ್ತರಿಸಿದಂತೆ ನಿಲ್ಲುತ್ತದೆ. ಇಂಗ್ಲಿಷ್ ಪಿಯಾನೋದ ಕೀಲಿ ಭಾರ, ಆಳವೂ ಜಾಸ್ತಿ, ನಾದ ದಪ್ಪ. ಅದರ ಡ್ಯಾಂಪರುಗಳು, ಅಂದರೆ ತಂತಿಯ ಮೇಲೆ ಕೂತು ನಾದವನ್ನು ಅಡಗಿಸುವ ತುಂಡುಗಳು, ಅಷ್ಟು ಗಟ್ಟಿಯಾಗಿ ಒತ್ತುತ್ತಿರಲಿಲ್ಲ. ಹೀಗಾಗಿ ಬೆರಳು ಎತ್ತಿದ ಮೇಲೂ ನಾದದ ಒಂದು ತೆಳು ಪೊರೆ ಉಳಿಯುತ್ತಿತ್ತು. ವಿಯೆನ್ನಾದ ವಾದಕರಿಗೆ ಇದು ದೋಷವಾಗಿ ಕಂಡಿತು. ಬೇಗದ ಹಾದಿಗಳನ್ನು ನುಡಿಸಿದರೆ ಕಲಸುಮೇಲೋಗರವಾಗುತ್ತದೆ ಎಂಬುದು ಅವರ ದೂರು, ಮತ್ತು ಅವರ ಸಂಗೀತಕ್ಕೆ ಆ ದೂರು ಸರಿಯೇ. ಆದರೆ ಹಾಡುವಂಥ ನಿಧಾನ ಸಂಗೀತಕ್ಕೆ ಆ ಪೊರೆಯೇ ಬಂಡವಾಳ. ಕ್ಲೆಮೆಂಟಿ ಮಾರುತ್ತಿದ್ದದ್ದು ಇಂಗ್ಲಿಷ್ ಜಾತಿಯ ವಾದ್ಯಗಳನ್ನು. ಅವುಗಳ ಹೆಚ್ಚುಗಾರಿಕೆಯನ್ನು ಕೇಳಿಸಿ ತೋರಿಸಬೇಕಾದವನು ಫೀಲ್ಡ್.

ಅದೇ ಕಾಲದಲ್ಲಿ ಕೀಲಿಗಳ ಸಂಖ್ಯೆಯೂ ಏರುತ್ತಿತ್ತು. ಐದು ಸ್ಥಾಯಿಯ 61 ಕೀಲಿ ಇದ್ದದ್ದು ಐದೂವರೆ ಸ್ಥಾಯಿಯ 68 ಆಯಿತು, ಆಮೇಲೆ ಆರು ಸ್ಥಾಯಿಯ 73. ಇವತ್ತಿನ ಪಿಯಾನೋದಲ್ಲಿ 88 ಇವೆ. ಹೊಸ ಕೀಲಿಗಳಲ್ಲಿ ಹೆಚ್ಚಿನವು ಮೇಲಿನ ತುದಿಗೆ ಸೇರಿದವು. ಬಲಗೈಗೆ ಮೇಲೆ ಜಾಗ ಸಿಕ್ಕಿತು, ಎಡಗೈ ಮಧ್ಯಸ್ಥಾಯಿಯವರೆಗೂ ಹರಡಿಕೊಳ್ಳಬಹುದಾಯಿತು.

1802ರ ಬೇಸಿಗೆಯಲ್ಲಿ ಕ್ಲೆಮೆಂಟಿ ವ್ಯಾಪಾರಕ್ಕೆಂದು ಯುರೋಪ್ ಪ್ರವಾಸ ಹೊರಟಾಗ ಫೀಲ್ಡ್‌ನನ್ನೂ ಕರೆದುಕೊಂಡು ಹೋದ. ಕರಾರಿನ ಅವಧಿ ಮುಗಿದಿದ್ದರೂ ಸಂಬಂಧ ಬದಲಾಗಿರಲಿಲ್ಲ. ಪ್ಯಾರಿಸ್ಸಿನಲ್ಲಿ ಬಾಖ್ ಮತ್ತು ಹ್ಯಾಂಡಲ್‌ರ ಫ್ಯೂಗು ನುಡಿಸಿ ಹೆಸರಾಯಿತು. ಮುಂದೆ ವಿಯೆನ್ನಾ. ಅಲ್ಲಿ ಆಲ್ಬ್ರೆಕ್ಟ್ಸ್‌ಬರ್ಗರ್ ಬಳಿ ಕೌಂಟರ್‌ಪಾಯಿಂಟ್ (ಹಲವು ರಾಗಗಳನ್ನು ಒಟ್ಟಿಗೆ ಹೆಣೆಯುವ ವಿದ್ಯೆ) ಕಲಿಯಲು ಇವನನ್ನು ಬಿಟ್ಟು ಹೋಗುವುದು ಕ್ಲೆಮೆಂಟಿಯ ಯೋಚನೆ. ಹುಡುಗ ಅತ್ತು ಕರೆದು, ನಾನೂ ಬರುತ್ತೇನೆಂದು ಹಟ ಹಿಡಿದ. ಇಬ್ಬರೂ ಚಳಿಗಾಲದ ಹೊತ್ತಿಗೆ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ತಲುಪಿದರು.

ಆ ಚಳಿಗಾಲದ ಒಂದು ಚಿತ್ರ ನಮಗೆ ಸಿಕ್ಕಿರುವುದು ಜರ್ಮನ್ ಪಿಟೀಲು ವಾದಕ ಲೂಯಿ ಸ್ಪೋರ್‌ನಿಂದ. ಅವನೂ ಆಗ ಅಲ್ಲೇ ಇದ್ದ. ಊಟದ ಮೇಲೆ ಕ್ಲೆಮೆಂಟಿಯ ಪಿಯಾನೋ ಮಳಿಗೆಗೆ ಹೋದರೆ, ಗಿರಾಕಿಗಳಿಗಾಗಿ ಫೀಲ್ಡ್ ಗಂಟೆಗಟ್ಟಲೆ ನುಡಿಸಬೇಕಾಗುತ್ತಿತ್ತು ಎನ್ನುತ್ತಾನೆ ಸ್ಪೋರ್. ಬಿಳಿಚಿಕೊಂಡ, ಉದ್ದುದ್ದ ಬೆಳೆದ ಯುವಕ, ಹಳೆಯ ಬಟ್ಟೆ ಮೈಗೆ ಸಾಲದು. ಕೀಲಿಗಳ ಮೇಲೆ ಕೈ ಚಾಚಿದರೆ ಅಂಗಿಯ ತೋಳು ಮೊಣಕೈವರೆಗೆ ಸರಿದು ಹೋಗುತ್ತಿತ್ತಂತೆ. ನೋಡಲು ಪೆದ್ದನಂತಿದ್ದ, ನುಡಿಸಲು ಶುರುಮಾಡಿದ ಮೇಲೆ ಮಿಕ್ಕಿದ್ದೆಲ್ಲ ಮರೆತುಹೋಗುತ್ತಿತ್ತು. ಇನ್ನೊಂದು ದಿನ ಸ್ಪೋರ್ ಹೋದಾಗ ಗುರುಶಿಷ್ಯರಿಬ್ಬರೂ ತೋಳು ಮಡಚಿಕೊಂಡು ತೊಟ್ಟಿಯ ಮುಂದೆ ನಿಂತು ಕಾಲುಚೀಲ ಒಗೆಯುತ್ತಿದ್ದರು. ಆ ಊರಿನಲ್ಲಿ ಅಗಸರ ದರ ಜಾಸ್ತಿ, ಬಟ್ಟೆಯೂ ಹಾಳಾಗುತ್ತದೆ, ನೀನೂ ಹೀಗೇ ಮಾಡು ಎಂದು ಕ್ಲೆಮೆಂಟಿ ಬುದ್ಧಿ ಹೇಳಿದನಂತೆ. ಯುರೋಪಿನಲ್ಲೇ ಹಣವಂತ ಸಂಗೀತಗಾರರಲ್ಲಿ ಒಬ್ಬನ ಮಾತು ಇದು.

1803ರ ಜೂನ್‌ನಲ್ಲಿ ಕ್ಲೆಮೆಂಟಿ ಹೊರಟು ಹೋದ. ಹೋಗುವಾಗ ನಾರ್ವಾ ಊರಿನಲ್ಲಿ ಒಬ್ಬ ಜನರಲ್‌ನ ಮನೆಯಲ್ಲಿ ಇವನಿಗೆ ಉಳಿಯುವ ವ್ಯವಸ್ಥೆ ಮಾಡಿದ್ದಲ್ಲದೆ, ತನ್ನ ಜಾಗದಲ್ಲಿ ಪಾಠ ಹೇಳುವವನು ಇವನೇ ಎಂದು ಪ್ರಚಾರವನ್ನೂ ಮಾಡಿದ್ದ. ಆದ್ದರಿಂದ ಫೀಲ್ಡ್ ಶುರುವಿನಿಂದಲೇ ದೊಡ್ಡ ಶುಲ್ಕ ಕೇಳಬಹುದಾಯಿತು. ಇದನ್ನೂ ಕ್ಲೆಮೆಂಟಿಯ ಲೆಕ್ಕಕ್ಕೆ ಸೇರಿಸಬೇಕು. ದುಡಿಸಿಕೊಂಡ, ಆದರೆ ಕೈಬಿಟ್ಟು ಹೋಗಲಿಲ್ಲ. 1804ರಲ್ಲಿ ಪೀಟರ್ಸ್‌ಬರ್ಗ್‌ನ ಫಿಲ್ಹಾರ್ಮೋನಿಕ್ ಸೊಸೈಟಿಯ ಕಛೇರಿಯಾದ ಮೇಲೆ ಫೀಲ್ಡ್ ರಷ್ಯಾದ ಸಿರಿವಂತರ ಮನೆಗಳಲ್ಲಿ ಬೇಕಾದವನಾದ. ನಂತರ ಬಾಲ್ಟಿಕ್ ಪ್ರಾಂತ್ಯಗಳಲ್ಲಿ ಪ್ರವಾಸ, ಕೆಲವು ವರ್ಷ ಮಾಸ್ಕೋ, 1810ರಲ್ಲಿ ತನ್ನ ಶಿಷ್ಯೆ, ಫ್ರೆಂಚ್ ಪಿಯಾನೋ ವಾದಕಿ ಅಡೆಲೈಡ್ ಪೆರ್ಶೆರಾನ್ ಜೊತೆ ಮದುವೆ, ಮತ್ತೆ ಪೀಟರ್ಸ್‌ಬರ್ಗ್. 1812ರಲ್ಲಿ ಅಲ್ಲಿ ಮೂರು ಚಿಕ್ಕ ಕೃತಿಗಳು 'ನಾಕ್ಟರ್ನ್' ಎಂಬ ಹೆಸರಲ್ಲಿ ಅಚ್ಚಾದವು: ಇ ಫ್ಲಾಟ್ ಮೇಜರ್, ಸಿ ಮೈನರ್, ಎ ಫ್ಲಾಟ್ ಮೇಜರ್ ಎಂಬ ಶ್ರುತಿಗಳಲ್ಲಿ.

ನೆಪೋಲಿಯನ್ ರಷ್ಯಾದ ಮೇಲೆ ದಂಡೆತ್ತಿ ಬಂದ ವರ್ಷವೂ ಅದೇ. ಆ ಮೂರು ಕೃತಿಗಳಲ್ಲಿ ಅದರ ಸುಳಿವು ಎಳ್ಳಷ್ಟೂ ಇಲ್ಲ.

ಅವುಗಳಲ್ಲಿ ಹೊಸದು ಏನು? ಬಲಗೈಯಲ್ಲಿ ಹಾಡು, ಎಡಗೈಯಲ್ಲಿ ಒಡೆದ ಸ್ವರಮೇಳ (ಒಟ್ಟಿಗೆ ನುಡಿಯುವ ಮೂರು ಸ್ವರಗಳ ಗುಂಪು) ಎಂಬುದು ಹೊಸದಲ್ಲ. ಮೊಜಾರ್ಟ್ ಕಾಲದಲ್ಲೂ ಎಡಗೈ ಸ್ವರಮೇಳವನ್ನು ಬಿಡಿಬಿಡಿಯಾಗಿ ನುಡಿಸುತ್ತಿತ್ತು, ಆದರೆ ಒಂದು ಸ್ಥಾಯಿಯೊಳಗೆ, ಕೈ ಕದಲದೆ. ಫೀಲ್ಡ್ ಆ ಮೂರು ಸ್ವರಗಳನ್ನು ದೂರ ದೂರ ಹರಡಿದ. ಇ ಫ್ಲಾಟ್ ಶ್ರುತಿಯನ್ನೇ ಉದಾಹರಣೆಗೆ ತಗೊಳ್ಳಿ. ನಮ್ಮ ಲೆಕ್ಕದಲ್ಲಿ ಕೆಳಗಿನ ಸ ಒಂದು, ಅದರ ಮೇಲಿನ ಪ ಒಂದು, ಅದಕ್ಕೂ ಮೇಲೆ ಮುಂದಿನ ಸ್ಥಾಯಿಯ ಅಂತರ ಗಾಂಧಾರ. ಸ ಇಂದ ಆ ಗ ವರೆಗೆ ಕೀಲಿಮಣೆಯ ಮೇಲೆ ಸುಮಾರು 21 ಸೆಂಟಿಮೀಟರ್ ದೂರ. ಒಂದು ಸ್ಥಾಯಿಗೆ ಸುಮಾರು ಹದಿನಾರೂವರೆ. ಹೆಚ್ಚಿನವರ ಕೈ ಒಂದು ಸ್ಥಾಯಿಯನ್ನೋ ಅದಕ್ಕಿಂತ ಒಂದು ಸ್ವರ ಹೆಚ್ಚನ್ನೋ ಹಿಡಿಯುತ್ತದೆ, ಅಷ್ಟೇ. ಅಂದರೆ ಬೆರಳು ಕೆಳಗಿನ ಸ ಬಿಟ್ಟು ಹೋಗಲೇಬೇಕು. ಬೆರಳು ಬಿಟ್ಟ ಸ್ವರವನ್ನು ಹಿಡಿದಿಡುವುದು ಯಾರು? ಪೆಡಲ್ ಒತ್ತಿದ ಕಾಲು. ಈ ಪೆಡಲ್ ಒತ್ತಿದರೆ ಡ್ಯಾಂಪರುಗಳೆಲ್ಲ ಒಟ್ಟಿಗೆ ತಂತಿ ಬಿಟ್ಟು ಮೇಲೇಳುತ್ತವೆ.

ಪೆಡಲ್ ಫೀಲ್ಡ್‌ಗಿಂತ ಮುಂಚೆಯೂ ಇತ್ತು. ಆದರೆ ಬಹುಮಟ್ಟಿಗೆ ಅದೊಂದು ವಿಶೇಷ ಬಣ್ಣ, ಬೇಕೆಂದಾಗ ಹಚ್ಚಿಕೊಳ್ಳುವಂಥದ್ದು. ಪೆಡಲ್ ತೆಗೆದರೂ ಕೃತಿ ಕೃತಿಯಾಗಿಯೇ ಇರುತ್ತಿತ್ತು. ಫೀಲ್ಡ್‌ನ ನಾಕ್ಟರ್ನ್‌ನಲ್ಲಿ ಪೆಡಲ್ ತೆಗೆದರೆ ಕೃತಿ ಕುಸಿಯುತ್ತದೆ. ಕಾಲು ಮೂರನೆಯ ಕೈ ಆಯಿತು ಎಂದರೆ ಅತಿಶಯವಲ್ಲ. ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂಬ ಗುರುತುಗಳನ್ನೂ ಅವನು ಅಚ್ಚಿನಲ್ಲಿ ಹಾಕಿಸಿದ್ದಾನೆ.

ಇನ್ನು ಬಲಗೈ. ಪಿಯಾನೋದ ಮೂಲ ಕಷ್ಟ ನಿಮಗೆ ಗೊತ್ತಿರುವುದೇ. ವೀಣೆಯಲ್ಲಿ ಮೀಟಿದ ನಾದ ಇಳಿಯುತ್ತಾ ಹೋದರೂ ತಂತಿಯನ್ನು ಎಳೆದು, ಜಾರಿಸಿ ಸ್ವರವನ್ನು ಜೀವಂತ ಇಡಬಹುದು. ಪಿಯಾನೋದಲ್ಲಿ ಸುತ್ತಿಗೆ ಹೊಡೆದು ಹಿಂದೆ ಬಂದ ಮೇಲೆ ಆ ಸ್ವರದ ಎತ್ತರ ವಾದಕನ ಕೈಯಲ್ಲಿಲ್ಲ. ಗಮಕ ಇಲ್ಲ, ದೀರ್ಘ ಸ್ವರಕ್ಕೆ ಉಸಿರು ತುಂಬುವ ದಾರಿ ಇಲ್ಲ. ಫೀಲ್ಡ್ ಇದಕ್ಕೆ ಕಂಡುಕೊಂಡ ಉಪಾಯ ಎರಡು. ಒಂದು, ಎಡಗೈಯ ಹರಡಿದ ಸ್ವರಗಳು ಪೆಡಲ್‌ನಲ್ಲಿ ಅನುರಣಿಸಿ ಮೇಲಿನ ಸ್ವರಕ್ಕೆ ಬೆಂಬಲ ಕೊಡುವುದು. ಡ್ಯಾಂಪರ್ ಎತ್ತಿರುವಾಗ ಹೊಡೆಯದ ತಂತಿಗಳೂ ತಾವಾಗಿ ಮಿಡಿಯುತ್ತವೆ. ಇನ್ನೊಂದು, ದೀರ್ಘ ಸ್ವರ ಸಾಯುವ ಹೊತ್ತಿಗೆ ಅದರ ಸುತ್ತ ಚಿಕ್ಕ ಸ್ವರಗಳ ಸರ ಹೊಸೆಯುವುದು, ಇಟಲಿಯ ಆಪೆರಾ ಗಾಯಕರು ಮಾಡುವ ಹಾಗೆ. ಅವನ ಅಲಂಕಾರಗಳನ್ನು ಒಡವೆ ಎಂದುಕೊಂಡು ನುಡಿಸುವವರು ಇದ್ದಾರೆ. ಅವು ಒಡವೆಯಲ್ಲ. ಸಾಯುತ್ತಿರುವ ಸ್ವರವನ್ನು ಮುಂದಿನ ಸ್ವರಕ್ಕೆ ದಾಟಿಸುವ ಕೆಲಸ ಅವುಗಳದು.

ಪಿಯಾನೋ ಕಲಿಯುತ್ತಿರುವವರು ಇಲ್ಲಿ ಇದ್ದೀರಿ, ಹಾಗಾಗಿ ಇದನ್ನು ಕೈಯಲ್ಲಿ ಹೇಗೆ ಕೂರಿಸಿಕೊಳ್ಳುವುದು ಎಂದೂ ಹೇಳುತ್ತೇನೆ. ಶುರುವಿಗೆ ಬಿ ಫ್ಲಾಟ್ ಶ್ರುತಿಯ ಐದನೆಯ ನಾಕ್ಟರ್ನ್ ಒಳ್ಳೆಯದು. ಚಿಕ್ಕದು, ಮಾದರಿ ಸ್ಪಷ್ಟ.

ಮೊದಲು ಎಡಗೈ ಒಂದನ್ನೇ, ಪೆಡಲ್ ಇಲ್ಲದೆ, ಪ್ರತಿ ಗುಂಪಿನ ಸ್ವರಗಳನ್ನು ಒಟ್ಟಿಗೆ ಸ್ವರಮೇಳವಾಗಿ ನುಡಿಸಿ. ಕೈಗೆ ಸಿಗದಷ್ಟು ಅಗಲವಿದ್ದರೆ ಮೇಲಿನ ಸ್ವರವನ್ನು ಬಲಗೈಯಲ್ಲಿ ಹಿಡಿದುಕೊಳ್ಳಿ. ಉದ್ದೇಶ ಒಂದೇ: ಸ್ವರಮೇಳ ಎಲ್ಲಿ ಬದಲಾಗುತ್ತದೆ ಎಂದು ಕಿವಿ ಗುರುತಿಸಬೇಕು. ಪೆಡಲ್ ಬದಲಿಸುವ ಜಾಗವೂ ಅದೇ. ಪುಟದ ಮೇಲೆ ಪೆನ್ಸಿಲ್‌ನಲ್ಲಿ ಗೀಟು ಹಾಕಿಕೊಳ್ಳಿ.

ಆಮೇಲೆ ಕಾಲು. ಕೆಳಗಿನ ಸ್ವರವನ್ನು ಬೆರಳು ಒತ್ತಿದ ಕ್ಷಣದಲ್ಲಿ ಪೆಡಲ್ ಮೇಲಿರಬೇಕು, ಆಗ ಹಳೆಯ ಸ್ವರಮೇಳ ಅಳಿಯುತ್ತದೆ. ಬೆರಳು ಆ ಕೀಲಿಯನ್ನು ಬಿಡುವ ಮೊದಲು ಪೆಡಲ್ ಕೆಳಗಿಳಿದಿರಬೇಕು, ಆಗ ಹೊಸ ಸ್ವರ ಸಿಕ್ಕಿಹಾಕಿಕೊಳ್ಳುತ್ತದೆ. ಈ ಎರಡರ ನಡುವಿನ ಸಮಯ ಬಹಳ ಕಡಿಮೆ, ತಪ್ಪೆಲ್ಲ ಆಗುವುದು ಅಲ್ಲೇ. ಕಾಲು ತಡವಾಗಿ ಇಳಿದರೆ ಕೆಳಗಿನ ಸ ತಪ್ಪಿಹೋಗಿ ಪ ಎಲ್ಲಕ್ಕಿಂತ ಕೆಳಗಿನ ಸ್ವರವಾಗಿ ಉಳಿಯುತ್ತದೆ. ಸ್ವರಗಳೆಲ್ಲ ಸರಿಯಾಗಿಯೇ ಇವೆ, ಆದರೂ ಇಡೀ ಸಾಲು ನೆಲ ಸಿಗದೆ ತೇಲಿದಂತೆ ಕೇಳುತ್ತದೆ. ವಿದ್ಯಾರ್ಥಿಗಳಿಗೆ ತಪ್ಪು ಎಲ್ಲಿದೆ ಎಂದು ಸುಲಭಕ್ಕೆ ಸಿಗುವುದಿಲ್ಲ, ಏಕೆಂದರೆ ಹುಡುಕುವುದು ಬೆರಳಿನಲ್ಲಿ. ಕಾಲು ತಡವಾಗಿ ಎತ್ತಿದರೆ ಹಳೆಯ ತಳಸ್ವರದ ಮೇಲೆ ಹೊಸದು ಬಿದ್ದು ಕೆಸರಾಗುತ್ತದೆ. ಇದು ಕೂಡಲೇ ಕೇಳಿಸುತ್ತದೆ, ಹಾಗಾಗಿ ತಿದ್ದಿಕೊಳ್ಳುವುದೂ ಸುಲಭ.

ಇಲ್ಲಿ ಇನ್ನೊಂದು ತೊಡಕು. ಫೀಲ್ಡ್ ಹಾಕಿದ ಕೆಲವು ಪೆಡಲ್ ಗುರುತುಗಳು ಉದ್ದವಾಗಿವೆ, ಹಾಗೆಯೇ ಪಾಲಿಸಿದರೆ ಇವತ್ತಿನ ಪಿಯಾನೋದಲ್ಲಿ ಕಲಸಿಹೋಗುತ್ತದೆ. ಅವನು ಬರೆದದ್ದು ಮರದ ಚೌಕಟ್ಟು, ತೆಳು ತಂತಿ, ಚರ್ಮ ಸುತ್ತಿದ ಸುತ್ತಿಗೆಯ ವಾದ್ಯಕ್ಕೆ. ಇವತ್ತಿನದು ಎರಕದ ಕಬ್ಬಿಣದ ಚೌಕಟ್ಟು, ಉಕ್ಕಿನ ತಂತಿ, ಎಲ್ಲ ತಂತಿಗಳ ಸೆಳೆತ ಸೇರಿ ಸುಮಾರು 20 ಟನ್. ತಳದ ಸ್ವರ ಒಮ್ಮೆ ಎದ್ದರೆ ಬೇಗ ಇಳಿಯುವುದಿಲ್ಲ. ಪರಿಹಾರ ಅರ್ಧ ಪೆಡಲ್: ಕಾಲನ್ನು ಪೂರ್ತಿ ಎತ್ತದೆ, ಡ್ಯಾಂಪರುಗಳು ತಂತಿಯನ್ನು ಸವರುವಷ್ಟು ಮಾತ್ರ ಎತ್ತಿ ಮತ್ತೆ ಒತ್ತುವುದು. ತೆಳು ತಂತಿಗಳು ಆ ಸವರುವಿಕೆಗೇ ಸುಮ್ಮನಾಗುತ್ತವೆ, ದಪ್ಪ ತಂತಿಗಳು ನುಡಿಯುತ್ತಲೇ ಇರುತ್ತವೆ. ತಳಸ್ವರ ಉಳಿಯುತ್ತದೆ, ಮೇಲಿನ ಕಲಸಾಟ ಹೋಗುತ್ತದೆ.

ನಾದದ ತೂಕದಲ್ಲಿ ಮೂರು ಮಟ್ಟ ಬೇಕು. ಹಾಡು ಎಲ್ಲಕ್ಕಿಂತ ಮೇಲೆ, ತಳಸ್ವರ ಅದಕ್ಕಿಂತ ಮೆಲ್ಲಗೆ, ಎಡಗೈಯ ಉಳಿದ ಸ್ವರಗಳು ಇವೆರಡಕ್ಕಿಂತ ಮೆಲ್ಲಗೆ. ಅಭ್ಯಾಸವಿಲ್ಲದ ಎಡಗೈಯಲ್ಲಿ ಇದು ತಲೆಕೆಳಗಾಗುತ್ತದೆ, ಏಕೆಂದರೆ ಗುಂಪಿನ ಕೊನೆಯ ಸ್ವರ ಬೀಳುವುದು ಹೆಬ್ಬೆರಳಿನ ಮೇಲೆ, ಹೆಬ್ಬೆರಳೋ ಭಾರದ ಬೆರಳು. ಪ್ರತಿ ಗುಂಪಿನ ಕೊನೆಗೆ ಒಂದು ಗುದ್ದು ಕೇಳಿಸುತ್ತದೆ. ಮಣಿಕಟ್ಟನ್ನು ಹೆಬ್ಬೆರಳಿನ ಕಡೆಗೆ ಸಾಗಿಸುತ್ತಾ ಕೀಲಿಯ ಮೇಲೆ ಬೆರಳನ್ನು ಇಡಿ, ಮೇಲಿಂದ ಬೀಳಿಸಬೇಡಿ. ಬಲಗೈಗೆ ನೆನಪಿಡಬೇಕಾದದ್ದು: ದೀರ್ಘ ಸ್ವರದ ನಂತರ ಬರುವ ಸ್ವರವನ್ನು, ಆ ದೀರ್ಘ ಸ್ವರ ಎಷ್ಟಕ್ಕೆ ಇಳಿದಿದೆಯೋ ಅಷ್ಟರ ಮಟ್ಟದಲ್ಲಿ ಹಿಡಿಯಬೇಕು. ಶುರುವಿನ ಬಲದಲ್ಲೇ ಹೊಡೆದರೆ ಹಾಡಿನ ಎಳೆ ತುಂಡಾಗುತ್ತದೆ.

ಅಲಂಕಾರಗಳಲ್ಲಿ ಬಲಗೈ ಏಳೋ ಹನ್ನೊಂದೋ ಸ್ವರ ನುಡಿಸುವಾಗ ಎಡಗೈ ಆರು ಸ್ವರ ನಡೆಸುತ್ತಿರಬಹುದು. ಇದನ್ನು ಗಣಿತದಂತೆ ಭಾಗಿಸಲು ಹೋಗಬೇಡಿ. ಎಡಗೈಯ ನಡೆ ತಾಳದ ಹಾಗೆ ಬಿಗಿಯಾಗಿರಲಿ, ಬಲಗೈ ಗುಂಪಿನ ಮೊದಲ ಸ್ವರವೂ ಗುಂಪು ಮುಗಿದ ಮೇಲಿನ ಸ್ವರವೂ ಎಡಗೈಗೆ ಕೂಡಿ ಬರಲಿ, ನಡುವಿನದು ಸಡಿಲವಾಗಿರಲಿ. ಹೆಚ್ಚಿನವರು ಗುಂಪನ್ನು ಗಾಬರಿಯಲ್ಲಿ ಶುರುಮಾಡಿ, ಬೇಗ ಮುಗಿಸಿ, ಎಡಗೈ ಬರಲೆಂದು ಕಾಯುತ್ತಾರೆ. ನಿಧಾನಕ್ಕೆ ಶುರುಮಾಡಿದರೆ ಈ ಕಷ್ಟ ಇಲ್ಲ. ಲಯ ಒಟ್ಟಾರೆ ತೀರ ವಿಳಂಬವಾಗಿಯೂ ಇರಬಾರದು. ರಾತ್ರಿಯ ಸಂಗೀತ ಎಂದುಕೊಂಡು ಎಳೆದರೆ ಒಂದು ಸ್ವರ ಸತ್ತು ಇನ್ನೊಂದು ಹುಟ್ಟುವ ನಡುವೆ ತೂತು ಬೀಳುತ್ತದೆ.

ಈಗ ಮತ್ತೆ ರಷ್ಯಾಕ್ಕೆ. 1810ರ ದಶಕ ಫೀಲ್ಡ್‌ನ ಏರುಕಾಲ. ಕೃತಿಗಳನ್ನು ಲೈಪ್‌ಜಿಗ್‌ನ ಬ್ರೈಟ್‌ಕಾಫ್ ಸಂಸ್ಥೆ ಅಚ್ಚು ಹಾಕತೊಡಗಿತು. ಆಸ್ಥಾನ ಪಿಯಾನೋ ವಾದಕನ ಹುದ್ದೆ ಬಂದಾಗ ಬೇಡ ಎನ್ನುವಷ್ಟು ಸಂಪಾದನೆ ಇತ್ತು. ಗ್ಲಿಂಕಾ, ಅಂದರೆ ಮುಂದೆ ರಷ್ಯನ್ ಆಪೆರಾದ ಪಿತಾಮಹ ಎನಿಸಿಕೊಂಡವನು, ಹುಡುಗನಾಗಿದ್ದಾಗ ಕೆಲವೇ ಪಾಠ ಇವನ ಬಳಿ ಕಲಿತ. ಫೀಲ್ಡ್‌ನ ಬೆರಳುಗಳು ಕೀಲಿಯನ್ನು ಹೊಡೆಯುತ್ತಿರಲಿಲ್ಲ, ದಪ್ಪ ಮಳೆಹನಿಗಳಂತೆ ಅದರ ಮೇಲೆ ಬೀಳುತ್ತಿದ್ದವು, ಮಖಮಲ್ಲಿನ ಮೇಲೆ ಮುತ್ತು ಉರುಳಿದಂತೆ ಎಂದು ಅವನು ಮುಂದೆ ಬರೆದ. ದ್ಯುಬ್ಯುಕ್, ಚಾರ್ಲ್ಸ್ ಮೇಯರ್, ಆಂಟನ್ ಗೆರ್ಕೆ ಇವನ ಇತರ ಶಿಷ್ಯರು. ರಷ್ಯನ್ ಪಿಯಾನೋ ಪರಂಪರೆಯ ಮೂಲದಲ್ಲಿ ಒಬ್ಬ ಐರಿಷ್ ಮನುಷ್ಯ ಇದ್ದಾನೆ ಎಂಬುದು ಐರ್ಲೆಂಡಿನಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ.

ಏಳು ಕನ್ಸರ್ಟೊಗಳಲ್ಲಿ ಎ ಫ್ಲಾಟ್ ಶ್ರುತಿಯ ಎರಡನೆಯದು ಹತ್ತೊಂಬತ್ತನೆಯ ಶತಮಾನದಲ್ಲಿ ಎಲ್ಲಕ್ಕಿಂತ ಹೆಚ್ಚು ನುಡಿಸಲ್ಪಟ್ಟಿತು. ಐದನೆಯದರಲ್ಲಿ ಸಿಡಿಲು, ಬಿರುಗಾಳಿ, ಬೆಂಕಿ ಎಲ್ಲವೂ ಉಂಟು, ಗಂಟೆ ಮತ್ತು ಟಾಮ್‌ಟಾಮ್ ಜಾಗಟೆ ಕೂಡ. ಸ್ಟೈಬೆಲ್ಟ್ ಎಂಬ ವಾದಕ ತನ್ನ ಕನ್ಸರ್ಟೊ ಒಂದರಲ್ಲಿ ಬಿರುಗಾಳಿ ಎಬ್ಬಿಸಿ ಜನಪ್ರಿಯನಾಗಿದ್ದ, ಅವನೂ ಆಗ ಪೀಟರ್ಸ್‌ಬರ್ಗ್‌ನಲ್ಲೇ ಇದ್ದ. ಇದು ಅದಕ್ಕೆ ಪೈಪೋಟಿ. ನನ್ನ ಮಟ್ಟಿಗೆ ಫೀಲ್ಡ್‌ನ ಗುಣ ಈ ಗದ್ದಲದಲ್ಲಿಲ್ಲ. ದೊಡ್ಡ ಕೃತಿಯನ್ನು ಕಟ್ಟುವ ಶಕ್ತಿ ಅವನಿಗೆ ಕಡಿಮೆ, ಒಂದು ವಿಚಾರದಿಂದ ಇನ್ನೊಂದಕ್ಕೆ ಅಲೆಯುತ್ತಾನೆ. ಕನ್ಸರ್ಟೊಗಳಲ್ಲಿ ಕಿವಿ ನಿಲ್ಲುವುದು ನಾಕ್ಟರ್ನ್‌ನಂಥ ಜಾಗಗಳಲ್ಲೇ. ಅವನಿಗೂ ಅದು ಗೊತ್ತಿತ್ತೆಂದು ಕಾಣುತ್ತದೆ. ಆರನೆಯ ಕನ್ಸರ್ಟೊದ ನಿಧಾನ ಭಾಗವೇ ಎಫ್ ಶ್ರುತಿಗೆ ಬಂದು ಆರನೆಯ ನಾಕ್ಟರ್ನ್ ಆಯಿತು, ಏಳನೆಯದರ ಒಂದು ತುಣುಕು ಜಿ ಮೇಜರ್ ನಾಕ್ಟರ್ನ್ ಆಯಿತು.

1820ರ ದಶಕ ಇಳಿಜಾರು. ಹೆಂಡತಿ ಬೇರೆಯಾದಳು, ಮಾಸ್ಕೋದಲ್ಲಿ ವಾಸ, ಕುಡಿತ, ಆಮೇಲೆ ಗುದನಾಳದ ಕ್ಯಾನ್ಸರ್. ಹೊಸ ಕೃತಿಗಳು ವಿರಳವಾದವು. ಏಳನೆಯ ಕನ್ಸರ್ಟೊದ ಮೊದಲ ಭಾಗವನ್ನು 1822ರಲ್ಲಿ ನುಡಿಸಿದವನು ಪೂರ್ತಿ ಮಾಡಿದ್ದು ಹತ್ತು ವರ್ಷದ ಮೇಲೆ. 1831ರಲ್ಲಿ ಚಿಕಿತ್ಸೆಗೆಂದು ಲಂಡನ್ನಿಗೆ ಹೋದ, ಶಸ್ತ್ರಚಿಕಿತ್ಸೆ ಆಯಿತು. ಮರುವರ್ಷ ಮಾರ್ಚ್‌ನಲ್ಲಿ ಕ್ಲೆಮೆಂಟಿ ತೀರಿಕೊಂಡ. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನಡೆದ ಅಂತ್ಯಕ್ರಿಯೆಯಲ್ಲಿ ಮುಂದೆ ನಿಂತವರಲ್ಲಿ ಫೀಲ್ಡ್ ಒಬ್ಬ. 1832ರ ಡಿಸೆಂಬರ್ 25ರಂದು ಪ್ಯಾರಿಸ್ಸಿನಲ್ಲಿ ಏಳನೆಯ ಕನ್ಸರ್ಟೊ ನುಡಿಸಿದ. ಅಲ್ಲಿಂದ ಬೆಲ್ಜಿಯಂ, ಸ್ವಿಟ್ಜರ್ಲೆಂಡ್, ಇಟಲಿ. ನೇಪಲ್ಸ್‌ನಲ್ಲಿ ಕಾಯಿಲೆ ಉಲ್ಬಣಿಸಿ ಒಂಬತ್ತು ತಿಂಗಳು ಆಸ್ಪತ್ರೆಯಲ್ಲಿ ಬಿದ್ದಿದ್ದವನನ್ನು ರಖ್ಮಾನೋವ್ ಎಂಬ ರಷ್ಯನ್ ಕುಟುಂಬ ಕಂಡು ಹೊರತಂದಿತು. ಹಿಂತಿರುಗುವ ದಾರಿಯಲ್ಲಿ ವಿಯೆನ್ನಾದಲ್ಲಿ ಪಿಯಾನೋ ಶಿಕ್ಷಕ ಚೆರ್ನಿಯ ಮನೆಯಲ್ಲಿ ಉಳಿದು ಅಲ್ಲೂ ಕಛೇರಿ ಕೊಟ್ಟ. 1837ರ ಜನವರಿ 23ರಂದು ಮಾಸ್ಕೋದಲ್ಲಿ ಸಾವು. ಸಮಾಧಿ ಅಲ್ಲಿನ ವ್ವೆದೆನ್‌ಸ್ಕೊಯೆ ಸ್ಮಶಾನದಲ್ಲಿದೆ. ಮದುವೆಯಾಚೆ ಹುಟ್ಟಿದ ಮಗ ಲಿಯೊನೋವ್ ಎಂಬ ಹೆಸರಿನಲ್ಲಿ ಟೆನರ್ ಗಾಯಕನಾಗಿ, ಗ್ಲಿಂಕಾನ ಎರಡೂ ಆಪೆರಾಗಳ ಮೊದಲ ಪ್ರದರ್ಶನಗಳಲ್ಲಿ ಹಾಡಿದ.

ಶೋಪಾನ್ ಮಾತು ತೆಗೆಯದೆ ಬಿಡುವಂತಿಲ್ಲ. 1831ರಲ್ಲಿ ಪ್ಯಾರಿಸ್ಸಿಗೆ ಬಂದ ಶೋಪಾನ್‌ನ ವಾದನ ಕೇಳಿದ ಪಿಯಾನೋ ವಾದಕ ಕಾಲ್ಕ್‌ಬ್ರೆನರ್, ನೀನು ಫೀಲ್ಡ್‌ನ ಶಿಷ್ಯನೇ ಎಂದು ಕೇಳಿದ್ದ. ಕ್ರಾಮರ್‌ನ ಪದ್ಧತಿ, ಫೀಲ್ಡ್‌ನ ಸ್ಪರ್ಶ ಎರಡೂ ಇವೆಯಲ್ಲ ಎಂದು. ಪಾಠ ಹೇಳುವಾಗ ಶೋಪಾನ್ ಫೀಲ್ಡ್‌ನ ಕೃತಿಗಳನ್ನು ಶಿಷ್ಯರಿಗೆ ಕೊಡುತ್ತಿದ್ದ. ಆದರೆ ಶೋಪಾನ್‌ನ ಮೊದಲ ನಾಕ್ಟರ್ನ್‌ಗಳು ಬಂದಾಗ ಬರ್ಲಿನ್ನಿನ ವಿಮರ್ಶಕ ರೆಲ್‌ಸ್ಟಾಬ್ ಕೆಂಡವಾದ. ಫೀಲ್ಡ್ ಮುಗುಳ್ನಗುವಲ್ಲಿ ಈತ ಹಲ್ಲು ಕಿರಿಯುತ್ತಾನೆ, ಫೀಲ್ಡ್ ಒಂದಿಷ್ಟು ಮಸಾಲೆ ಹಾಕುವಲ್ಲಿ ಈತ ಮುಷ್ಟಿ ತುಂಬ ಮೆಣಸಿನಪುಡಿ ಸುರಿಯುತ್ತಾನೆ ಎಂದು ಬರೆದ. ಬೈಗುಳ ಎಂದು ಬರೆದದ್ದು ಈಗ ಸರಿಯಾದ ವರ್ಣನೆಯಂತೆ ಕಾಣುತ್ತದೆ. ಶೋಪಾನ್ ಎಡಗೈಯನ್ನೂ ಪೆಡಲನ್ನೂ ಫೀಲ್ಡ್‌ನಿಂದ ತಗೊಂಡು, ಅದರ ಮೇಲೆ ಫೀಲ್ಡ್‌ನಲ್ಲಿ ಇಲ್ಲದ ಸಂಘರ್ಷವನ್ನು ತಂದ: ನಡುವೆ ಒಂದು ಬಿರುಸಾದ ಭಾಗ, ದೂರದ ಶ್ರುತಿಗಳು, ಒಗರಾದ ಸ್ವರಮೇಳ. ಫೀಲ್ಡ್‌ನನ್ನು ಶೋಪಾನ್‌ನಂತೆ ನುಡಿಸಿದರೆ ಕೆಡುವುದೂ ಇದರಿಂದಲೇ. ಅಷ್ಟು ಭಾರ ಹೊರಲು ಅವನ ಸಾಲುಗಳು ಕಟ್ಟಿದವಲ್ಲ, ಲಯ ಎಳೆದಾಡಿದರೆ ಎಡಗೈಯ ಮಿಡಿತ ಹೋಗಿ ಹಾಡು ಅನಾಥವಾಗುತ್ತದೆ.

ಕೊನೆಗೆ ಪ್ರತಿಗಳ ವಿಷಯ. ಫೀಲ್ಡ್ ತನ್ನ ಕೃತಿಗಳನ್ನು ಮತ್ತೆ ಮತ್ತೆ ತಿದ್ದುತ್ತಿದ್ದ, ಒಂದು ಆವೃತ್ತಿಯಲ್ಲಿರುವ ಅಲಂಕಾರ ಇನ್ನೊಂದರಲ್ಲಿ ಇರುವುದಿಲ್ಲ. ಪಿಯಾನೋ ವಾದಕ ಫ್ರಾಂಜ್ ಲಿಸ್ಟ್ 1859ರಲ್ಲಿ ಮುನ್ನುಡಿ ಬರೆದು ಸಂಪಾದಿಸಿದ ಪ್ರತಿ ಬಹಳ ಪ್ರಸಿದ್ಧ, ಅಂತರ್ಜಾಲದಲ್ಲಿ ಸುಲಭವಾಗಿ ಸಿಗುವುದೂ ಅಂಥ ಹಳೆಯ ಪ್ರತಿಗಳೇ. ಅವುಗಳಲ್ಲಿನ ಬೆರಳು ಮತ್ತು ಪೆಡಲ್ ಸೂಚನೆಗಳಲ್ಲಿ ಫೀಲ್ಡ್‌ದು ಯಾವುದು, ಸಂಪಾದಕನದು ಯಾವುದು ಎಂದು ಬೇರ್ಪಡಿಸಿ ತೋರಿಸುವ ಆಧುನಿಕ ಪ್ರತಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ನಾಕ್ಟರ್ನ್‌ಗಳ ಒಟ್ಟು ಸಂಖ್ಯೆಯೂ ಪ್ರತಿಯಿಂದ ಪ್ರತಿಗೆ ಬೇರೆ: ಕೆಲವಲ್ಲಿ 16, ಕೆಲವಲ್ಲಿ 18. ಹದಿನೆಂಟನೆಯದು ಎಂದು ಸೇರಿಸುವ ಇ ಮೇಜರ್ ಕೃತಿ ನಿಜವಾಗಿ ರಾತ್ರಿಯದ್ದೇ ಅಲ್ಲ, ಮಧ್ಯಾಹ್ನದ್ದು. ಕೊನೆಯಲ್ಲಿ ಗಡಿಯಾರ ಹನ್ನೆರಡು ಹೊಡೆಯುತ್ತದೆ. ಆದ್ದರಿಂದ ಯಾರಾದರೂ ಅಂಕಿ ಹೇಳಿ ಕೃತಿ ಕೇಳಿದರೆ ಶ್ರುತಿ ಯಾವುದೆಂದು ಮತ್ತೆ ಕೇಳಿ.

ಮನೆಯಲ್ಲಿ 61 ಕೀಲಿಯ ಕೀಬೋರ್ಡ್ ಇರುವವರಿಗೆ ಒಂದು ಮಾತು. ಅದರಲ್ಲಿ ಫೀಲ್ಡ್‌ನ ವಾದ್ಯದ ತಳದ ಕೆಲವು ಸ್ವರಗಳೇ ಇರುವುದಿಲ್ಲ. ಆರು ಸ್ಥಾಯಿಯ ಆ ಪಿಯಾನೋ ಕೆಳಗಿನ ಎಫ್‌ನಿಂದ ಶುರುವಾದರೆ ಈ ಕೀಬೋರ್ಡ್ ಅದಕ್ಕಿಂತ ಏಳು ಕೀಲಿ ಮೇಲಿನ ಸಿ ಇಂದ ಶುರು. ಪೆಡಲ್ ಕೂಡ ಹೆಚ್ಚಾಗಿ ಸ್ವಿಚ್ಚಿನಂಥದ್ದು, ಒತ್ತಿದರೆ ಉಂಟು, ಬಿಟ್ಟರೆ ಇಲ್ಲ, ಅರ್ಧ ಎಂಬುದೇ ಇಲ್ಲ. ಡಿಜಿಟಲ್ ಪಿಯಾನೋ ಕೊಳ್ಳುವುದಾದರೆ 88 ಕೀಲಿ ಇದೆಯೇ ಎಂದು ನೋಡುವ ಜೊತೆಗೆ, ಅರ್ಧ ಪೆಡಲ್ ಕೆಲಸ ಮಾಡುತ್ತದೆಯೇ ಎಂದು ಅಂಗಡಿಯಲ್ಲೇ ಪರೀಕ್ಷಿಸಿ: ಪೆಡಲ್ ಒತ್ತಿ ಒಂದು ಸ್ವರಮೇಳ ನುಡಿಸಿ, ಕೀಲಿಗಳಿಂದ ಕೈ ತೆಗೆದು, ಕಾಲನ್ನು ನಿಧಾನವಾಗಿ ಎತ್ತುತ್ತಾ ಹೋಗಿ. ನಾದ ಮೆಲ್ಲಗೆ ತೆಳುವಾಗುತ್ತಾ ಹೋದರೆ ತಗೊಳ್ಳಿ. ಒಂದು ಹಂತದಲ್ಲಿ ಪಟ್ಟನೆ ನಿಂತರೆ ಆ ಮಾದರಿ ಬೇಡ.